ಮಾನವ ಹಕ್ಕುಗಳ ಮ್ಯೂಸಿಯಂನಲ್ಲಿ ಶಿಕ್ಷಣ ಗೈಡ್ ಆಗಬೇಕಾ? ನಮ್ಮ ಜಿಲ್ಲೆಯಲ್ಲೇ ಇದ್ದು ತಯಾರಾಗುವ ಬಗೆ

ನಮ್ಮ ಉತ್ತರ ಕನ್ನಡದ ಕಾರವಾರ, ಅಂಕೋಲಾ, ಶಿರಸಿ ಕಡೆಯಿಂದ ಬಿ.ಎಡ್. ಮುಗಿಸಿದವರು, ಸಮಾಜಕಾರ್ಯ ಓದುತ್ತಿರುವವರು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಮಾನವ ಹಕ್ಕುಗಳ ಮ್ಯೂಸಿಯಂನಲ್ಲಿ ಶಿಕ್ಷಣ ಗೈಡ್ ಅಂದರೆ ಏನು ಕೆಲಸ? ಅದಕ್ಕೆ ಏನು ಓದಿರಬೇಕು? ಊರಲ್ಲೇ ಇದ್ದು ತಯಾರಿ ಮಾಡಿಕೊಳ್ಳಬಹುದಾ? ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಇಂಥ ಮ್ಯೂಸಿಯಂ ನೋಡಬೇಕೆಂದರೆ ನಾವು ದೂರ ಹೋಗಬೇಕು. ಅಮೃತಸರದ ಟೌನ್‌ಹಾಲ್‌ನಲ್ಲಿ ದೇಶವಿಭಜನೆಯ ಮ್ಯೂಸಿಯಂ ಇದೆ. ಅಹಮದಾಬಾದಿನಲ್ಲಿ 2013ರಲ್ಲಿ ಸಂಘರ್ಷಗಳ ಮ್ಯೂಸಿಯಂ ಆದ ಕಾನ್‌ಫ್ಲಿಕ್ಟೋರಿಯಂ ಶುರುವಾಯಿತು. ಭೋಪಾಲದಲ್ಲಿ 1984ರ ಅನಿಲ ದುರಂತದ ನೆನಪಿಗೆ 2014ರಲ್ಲಿ ಮ್ಯೂಸಿಯಂ ಆಯಿತು. ಅಲ್ಲಿ ಬದುಕುಳಿದವರ ಮಾತುಗಳೇ ಮುಖ್ಯ ಸಂಗ್ರಹ. ಹೊರದೇಶಗಳಲ್ಲಿ ಜೊಹಾನ್ಸ್‌ಬರ್ಗ್‌ನ ಅಪಾರ್ಥೈಡ್ (ವರ್ಣಭೇದ ನೀತಿ) ಮ್ಯೂಸಿಯಂ, ಕೆನಡಾದ ವಿನ್ನಿಪೆಗ್‌ನ ಮಾನವ ಹಕ್ಕುಗಳ ಮ್ಯೂಸಿಯಂ ಹೆಸರಾದವು. ಆದರೆ ಈ ಕೆಲಸ ಕಲಿಯಲು ಬೇಕಾದ ಕಥೆಗಳು ಮತ್ತು ಕೈಗೆ ಸಿಗುವ ವಸ್ತುಗಳು ನಮ್ಮ ಜಿಲ್ಲೆಯಲ್ಲಿ ಧಾರಾಳವಾಗಿವೆ.

ಹಂತಗಳಿಗೆ ಹೋಗುವ ಮೊದಲು ಒಂದು ಮಾತು. ನಿಮ್ಮ ಎದುರು ನಿಂತ ಮಕ್ಕಳಲ್ಲಿ ಯಾರದೋ ಮನೆಯ ಕಥೆಯೇ ಗೋಡೆಯ ಮೇಲೆ ಇರಬಹುದು. ನಿಮಗೆ ಅದು ಗೊತ್ತಿರುವುದಿಲ್ಲ. ಆ ಮಗು ಅಲ್ಲೇ ಇದೆ ಎಂದುಕೊಂಡೇ ಪ್ರತಿ ವಾಕ್ಯ ಆಡಬೇಕು. ನನ್ನ ಪ್ರಕಾರ ಈ ಕೆಲಸದ ಅರ್ಧ ಕಲಿಕೆ ಇದೇ. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟಿವೆ.

1. ಕೆಲಸ ಏನೆಂದು ಸರಿಯಾಗಿ ತಿಳಿದುಕೊಳ್ಳಿ

ಟೂರಿಸ್ಟ್ ಗೈಡ್ ಕಟ್ಟಡ ತೋರಿಸಿ ಇತಿಹಾಸ ಹೇಳುತ್ತಾರೆ. ಶಿಕ್ಷಣ ಗೈಡ್‌ಗೆ ಒಂದು ಶಾಲಾ ತಂಡ, ಸುಮಾರು ಒಂದೂವರೆ ಗಂಟೆ ಮತ್ತು ಒಂದು ಕಲಿಕೆಯ ಗುರಿ ಇರುತ್ತದೆ. ಮಕ್ಕಳು ನೋಡಬೇಕು, ಕೇಳಬೇಕು, ತಮ್ಮೊಳಗೇ ಮಾತಾಡಿಕೊಳ್ಳಬೇಕು. ಅದಕ್ಕೆ ಅವಕಾಶ ಮಾಡಿಕೊಡುವುದು ನಿಮ್ಮ ಕೆಲಸ.

ಜಾಹೀರಾತುಗಳಲ್ಲಿ ಕೆಲವು ಪದ ಕಾಣುತ್ತವೆ. ಕ್ಯುರೇಟರ್ ಎಂದರೆ ಯಾವ ವಸ್ತು ಇಡಬೇಕು, ಅದರ ಕೆಳಗೆ ಏನು ಬರೆಯಬೇಕು ಎಂದು ತೀರ್ಮಾನ ಮಾಡುವವರು. ಎಜುಕೇಟರ್ ಅಥವಾ ಪ್ರೋಗ್ರಾಂ ಗೈಡ್ ಎಂದರೆ ಶಾಲೆಗಳ ಜೊತೆ ಕೆಲಸ ಮಾಡುವವರು, ಅಂದರೆ ನೀವು. ಡೋಸೆಂಟ್ ಎಂದರೆ ತರಬೇತಿ ಪಡೆದು ಮಾರ್ಗದರ್ಶನ ಮಾಡುವವರು, ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. ಅರ್ಜಿ ಹಾಕುವ ಮೊದಲು ಯಾವ ಹುದ್ದೆ ಎಂದು ನೋಡಿಕೊಳ್ಳಿ.

ಓದಿನ ಬಗ್ಗೆ ಹೇಳುವುದಾದರೆ, ಇತಿಹಾಸ, ಬಿ.ಎಡ್., ಸಮಾಜಕಾರ್ಯ, ಕಾನೂನು, ರಂಗಭೂಮಿ ಯಾವ ಹಿನ್ನೆಲೆಯಿಂದಲೂ ಬರಬಹುದು. ಮ್ಯೂಸಿಯಾಲಜಿ, ಅಂದರೆ ಮ್ಯೂಸಿಯಂ ನಡೆಸುವ ವಿದ್ಯೆಯನ್ನೇ ಓದಬೇಕೆಂದರೆ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಹಳೆಯ ವಿಭಾಗ ಇದೆ. ಮಕ್ಕಳ ಜೊತೆ ಮಾತಾಡಲು ಬರದಿದ್ದರೆ ಮಾತ್ರ ಯಾವ ಡಿಗ್ರಿಯೂ ಉಪಯೋಗಕ್ಕೆ ಬರುವುದಿಲ್ಲ.

2. ಹಕ್ಕುಗಳ ಪಾಠ ಗಟ್ಟಿ ಮಾಡಿಕೊಳ್ಳಿ

ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮಾನವ ಹಕ್ಕು ಮನುಷ್ಯನಾಗಿ ಹುಟ್ಟಿದ್ದಕ್ಕೇ ಬರುವಂಥದ್ದು. ಯಾವ ದೇಶ, ಯಾವ ಜಾತಿ ಎಂದು ನೋಡುವುದಿಲ್ಲ. ಮೂಲಭೂತ ಹಕ್ಕು ನಮ್ಮ ಸಂವಿಧಾನದಲ್ಲಿ ಬರೆದಿರುವಂಥದ್ದು. ಅದನ್ನು ಯಾರಾದರೂ ಮುರಿದರೆ 32ನೇ ವಿಧಿಯ ಪ್ರಕಾರ ನೇರ ಸುಪ್ರೀಂ ಕೋರ್ಟಿಗೆ, 226ನೇ ವಿಧಿಯ ಪ್ರಕಾರ ಹೈಕೋರ್ಟಿಗೆ ಹೋಗಬಹುದು. ಮಕ್ಕಳಿಗೆ ಈ ವ್ಯತ್ಯಾಸ ಹೇಳಿ. ಎಂಟನೇ ಕ್ಲಾಸಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಓದಲೇಬೇಕಾದದ್ದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ. ವಿಶ್ವಸಂಸ್ಥೆಯ ಮಹಾಸಭೆ ಅದನ್ನು 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಒಪ್ಪಿಕೊಂಡಿತು. 48 ದೇಶಗಳು ಪರವಾಗಿ ಮತ ಹಾಕಿದವು, 8 ದೇಶಗಳು ತಟಸ್ಥವಾಗಿ ಉಳಿದವು, ವಿರೋಧ ಯಾರೂ ಮಾಡಲಿಲ್ಲ. ಅದರಲ್ಲಿ 30 ವಿಧಿಗಳಿವೆ. ಕನ್ನಡದಲ್ಲೂ ಸಿಗುತ್ತದೆ. ಎಲ್ಲ ಬಾಯಿಪಾಠ ಬೇಡ. 1, 4, 5, 19, 25 ಮತ್ತು 26ನೇ ವಿಧಿಗಳು ನಿಮ್ಮ ಮಾತಿನಲ್ಲಿ ಸಲೀಸಾಗಿ ಬರುವಂತಿದ್ದರೆ ಸಾಕು. ಸಮಾನತೆ, ಗುಲಾಮಗಿರಿ, ಚಿತ್ರಹಿಂಸೆ, ಅಭಿಪ್ರಾಯ, ಬದುಕಲು ಬೇಕಾದ ಅನ್ನ ಬಟ್ಟೆ ಮನೆ, ಶಿಕ್ಷಣ — ಶಾಲಾ ತಂಡದ ಪ್ರಶ್ನೆಗಳು ಹೆಚ್ಚಾಗಿ ಇವುಗಳ ಸುತ್ತಲೇ ಬರುತ್ತವೆ.

ಸಂವಿಧಾನದಲ್ಲಿ 14, 15, 17, 19, 21, 23 ಮತ್ತು 24 ನೋಡಿಕೊಳ್ಳಿ. 17 ಅಸ್ಪೃಶ್ಯತೆಯನ್ನು ರದ್ದು ಮಾಡುತ್ತದೆ. 23 ಜೀತವನ್ನು ನಿಷೇಧಿಸುತ್ತದೆ. 24ರ ಪ್ರಕಾರ 14 ವರ್ಷ ತುಂಬದವರನ್ನು ಕಾರ್ಖಾನೆ, ಗಣಿಯಂಥ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಇದರ ಜೊತೆ 21ಎ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ. ಅದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿಮ್ಮ ಎದುರು ಕೂತ ಮಕ್ಕಳು ದಿನವೂ ಬಳಸುತ್ತಿರುವ ಹಕ್ಕು ಅದು, ಅಲ್ವಾ? ಮಾತು ಅಲ್ಲಿಂದ ಶುರು ಮಾಡಿದರೆ ವಿಷಯ ಹತ್ತಿರವಾಗುತ್ತದೆ.

ಎಚ್ಚರ: ವಿಧಿಗಳ ಸಂಖ್ಯೆ ನಿಮ್ಮ ತಯಾರಿಗೆ. ಮಕ್ಕಳ ಮುಂದೆ ಸಂಖ್ಯೆ ಸುರಿದರೆ ಅದು ಪರೀಕ್ಷೆಯ ಪಾಠ ಆಗಿಬಿಡುತ್ತದೆ.

3. ಒಂದು ವಸ್ತು ಹಿಡಿದು ಮಾತಾಡುವುದನ್ನು ಕಲಿಯಿರಿ

ಇದು ಕೈಕೆಲಸದ ಹಂತ. ನಿಧಾನವಾಗಿ ಮಾಡಿ.

ಮ್ಯೂಸಿಯಂಗಳಲ್ಲಿ ಹ್ಯಾಂಡ್ಲಿಂಗ್ ವಸ್ತು ಅಂತ ಇರುತ್ತದೆ. ಅಂದರೆ ಮಕ್ಕಳು ಮುಟ್ಟಿ ನೋಡಬಹುದಾದದ್ದು, ಹೆಚ್ಚಾಗಿ ಮೂಲದ ನಕಲು. ನೀವು ಅಭ್ಯಾಸಕ್ಕೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದಿಂದ ಒಂದು ಹಿಡಿ ಉಪ್ಪು ತನ್ನಿ. ಬಿಳಿ ಕಾಗದದ ಮೇಲೆ ಹಾಕಿ. ಐದಾರು ಮಕ್ಕಳನ್ನು ಸುತ್ತ ಕೂರಿಸಿ. ನೀವು ಬಾಯಿ ಬಿಡಬೇಡಿ. ಒಂದು ನಿಮಿಷ ಸುಮ್ನೆ ನೋಡಲಿ.

ಆಮೇಲೆ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ.

"ಏನು ಕಾಣ್ತಿದೆ?"
"ಹಾಗೆ ಹೇಳೋಕೆ ಏನು ನೋಡಿದೆ?"
"ಇನ್ನೇನು ಕಾಣ್ತಿದೆ?"

ಹರಳು ದಪ್ಪ ಇದೆ ಎನ್ನುತ್ತಾರೆ. ಪ್ಯಾಕೆಟ್ ಉಪ್ಪಿನಷ್ಟು ಬೆಳ್ಳಗಿಲ್ಲ ಎನ್ನುತ್ತಾರೆ. ಕರಾವಳಿಯ ಮಕ್ಕಳಾದರೆ ಒಣಮೀನು ಮಾಡಲು ಇದೇ ಹಾಕೋದು ಎನ್ನುತ್ತಾರೆ. ಘಟ್ಟದ ಮೇಲಿನವರಾದರೆ ಉಪ್ಪಿನಕಾಯಿ ಭರಣಿಯ ಮಾತು ತೆಗೆಯುತ್ತಾರೆ. ಎಲ್ಲವನ್ನೂ ಕೇಳಿಸಿಕೊಳ್ಳಿ. ಯಾವುದನ್ನೂ ಸರಿ, ತಪ್ಪು ಅನ್ನಬೇಡಿ. ಆಮೇಲೆ ಒಂದು ಪ್ರಶ್ನೆ ಇಡಿ: "ನಿಮ್ಮ ಮನೆ ಮುಂದಿನ ಸಮುದ್ರದ ನೀರು ಕಾಸಿ ಇಷ್ಟು ಉಪ್ಪು ಮಾಡಿಕೊಂಡರೆ ಪೊಲೀಸರು ಹಿಡಿದುಕೊಂಡು ಹೋಗ್ತಾರೆ ಅಂದರೆ?"

ಈಗ ಅಂಕೋಲೆಯ ಕಥೆಗೆ ಜಾಗ ಆಯಿತು. 1930ರ ಏಪ್ರಿಲ್ 6ರಂದು ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದರು. ಒಂದು ವಾರದ ನಂತರ, ಏಪ್ರಿಲ್ 13ರಂದು ಅಂಕೋಲೆಯ ಕಡಲ ತೀರದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಆಗ ಉಪ್ಪು ಮಾಡುವುದು, ಮಾರುವುದು ಸರ್ಕಾರದ ಹಿಡಿತದಲ್ಲಿತ್ತು. ಬಂಗಲೆಯ ಊಟಕ್ಕೂ ಬಡವನ ಗಂಜಿಗೂ ತೆರಿಗೆ ಒಂದೇ ಆಗಿತ್ತು. ಇಷ್ಟು ಸಾಕು. ಐದು ನಿಮಿಷಕ್ಕಿಂತ ಜಾಸ್ತಿ ಹೇಳಬೇಡಿ.

ಮಕ್ಕಳು ದೊಡ್ಡವರಾದರೆ ಇನ್ನೊಂದು ಪದರ ಬಿಚ್ಚಬಹುದು. ಬಿಸಿಲಲ್ಲಿ ನಿಂತು ಈ ಉಪ್ಪು ಎಳೆದವರು ಯಾರು? ಆಗರಗಳಲ್ಲಿ ತಲೆಮಾರುಗಳಿಂದ ದುಡಿದವರಲ್ಲಿ ಆಗೇರ ಸಮುದಾಯದವರು ಬಹಳ. ಉಪ್ಪಿನ ಹೋರಾಟದ ಪಾಠದಲ್ಲಿ ಅವರ ಹೆಸರು ಬರುತ್ತದಾ ಎಂದು ಕೇಳಿ. ಉತ್ತರವನ್ನು ಮಕ್ಕಳೇ ಹುಡುಕಲಿ.

ಎಚ್ಚರ: ಕಾಲ ಕಲಸಬೇಡಿ. ಅಂಕೋಲೆಯವರು ಉಪ್ಪು ಮಾಡಿದ್ದು ಸಾರ್ವತ್ರಿಕ ಘೋಷಣೆಗಿಂತ 18 ವರ್ಷ ಮೊದಲು. "ಅವರು ಘೋಷಣೆಯ ಹಕ್ಕು ಕೇಳಿದರು" ಎಂದು ಹೇಳಿದರೆ ತಪ್ಪು. ಅನ್ಯಾಯದ ಕಾನೂನನ್ನು ಜನ ಹೇಗೆ ಎದುರಿಸಿದರು ಎಂದು ಹೇಳಿದರೆ ಸರಿ.

ಇದೇ ಅಭ್ಯಾಸವನ್ನು ಬೇರೆ ವಸ್ತುಗಳ ಜೊತೆಯೂ ಮಾಡಿ. ಒಂದು ಹಳೆಯ ಪಹಣಿ ಕಾಗದ, ಜಪ್ತಿ ನೋಟಿಸಿನ ನಕಲು, ಅಜ್ಜಿಯ ರೇಷನ್ ಕಾರ್ಡು ಯಾವುದಾದರೂ ಸರಿ. ಅಂಕೋಲಾ, ಸಿದ್ದಾಪುರ ಕಡೆ 1930ರ ದಶಕದ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡ ಮನೆತನಗಳು ಇನ್ನೂ ಇವೆ. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಸಿದ್ದಾಪುರ ಕಡೆಯ ಹೆಂಗಸರು ಉಪವಾಸ ಕೂತಿದ್ದರು. ಶಿರಸಿ ಕಡೆಯ ಶಾಲೆಯಾದರೆ 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯವರು ಮರ ಅಪ್ಪಿಕೊಂಡ ಅಪ್ಪಿಕೋ ಚಳವಳಿಯಿಂದ ಶುರು ಮಾಡಬಹುದು.

ಕಾರವಾರದಲ್ಲಿ ಇರುವವರಿಗೆ ಇನ್ನೊಂದು ಸುಲಭದ ಅಭ್ಯಾಸ ಇದೆ. ಟಾಗೋರ್ ಬೀಚಿನ ಚಪಲ್ ಯುದ್ಧನೌಕೆ ಮ್ಯೂಸಿಯಂ ತೆರೆದಿರುವ ದಿನ ಹೋಗಿ, ನೌಕೆಯನ್ನು ಬಿಟ್ಟು ಜನರನ್ನು ನೋಡಿ. ಎಲ್ಲಿ ನಿಲ್ಲುತ್ತಾರೆ? ಯಾವ ಬರಹ ಓದುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ? ಮಕ್ಕಳು ಯಾವಾಗ ಅಪ್ಪನ ಕೈ ಎಳೆಯುತ್ತಾರೆ? ಬರೆದುಕೊಳ್ಳಿ. ಒಳ್ಳೆಯ ಗೈಡ್‌ಗೆ ಈ ನೋಟ ಬೇಕೇ ಬೇಕು.

4. ಶಾಲೆಗೆ ಮೊದಲೇ ಫೋನ್ ಮಾಡಿ

ತಂಡ ಬಾಗಿಲಿಗೆ ಬಂದಾಗ ಪರಿಚಯ ಮಾಡಿಕೊಳ್ಳುವುದು ತಡವಾಯಿತು. ಒಂದು ವಾರ ಮೊದಲು ಮಾಸ್ತರರಿಗೋ ಅಕ್ಕೋರಿಗೋ ಫೋನ್ ಮಾಡಿ. ಎಷ್ಟು ಮಕ್ಕಳು, ಯಾವ ಕ್ಲಾಸು, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿ. ನಮ್ಮ ಜಿಲ್ಲೆಯ ಒಂದೇ ಬೆಂಚಿನಲ್ಲಿ ಕೊಂಕಣಿ, ಹಾಲಕ್ಕಿ ಕನ್ನಡ, ಹವ್ಯಕ ಕನ್ನಡ, ಮರಾಠಿ, ನವಾಯತಿ ಎಲ್ಲ ಕೂತಿರುತ್ತವೆ. ಮಗು ಕೊಂಕಣಿಯಲ್ಲಿ ಉತ್ತರ ಕೊಟ್ಟರೆ ಹಾಗೇ ತೆಗೆದುಕೊಳ್ಳಿ. ತಿದ್ದಲು ಹೋಗಬೇಡಿ. ಗಾಲಿಕುರ್ಚಿ ಬಳಸುವವರು, ಕಿವಿ ಕಡಿಮೆ ಕೇಳುವವರು ಇದ್ದಾರಾ ಎಂದೂ ಕೇಳಿ.

ಇನ್ನೊಂದು ಪ್ರಶ್ನೆ ಮೆಲ್ಲಗೆ ಕೇಳಬೇಕು: "ಇತ್ತೀಚೆಗೆ ಮನೆಯಲ್ಲಿ ಸಾವು, ನೋವು ಕಂಡ ಮಕ್ಕಳು ಇದ್ದಾರಾ?" ಹೆಸರು ಬೇಡ. ಇದ್ದಾರೆ ಎಂದು ಗೊತ್ತಾದರೆ ಸಾಕು.

ಶಾಲೆಯವರು ಅರವತ್ತು ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳಿ ಎನ್ನುತ್ತಾರೆ. ಒಪ್ಪಬೇಡಿ. ಒಬ್ಬ ಗೈಡ್‌ಗೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು. ಉಳಿದವರಿಗೆ ಚಿತ್ರ ಬರೆಯುವ ಕೆಲಸವೋ, ಸಿನಿಮಾ ಕೋಣೆಯೋ ಕೊಟ್ಟು ಸರದಿ ಮಾಡಿ.

5. ತೊಂಬತ್ತು ನಿಮಿಷದ ಲೆಕ್ಕ

ಮೊದಲ ಹತ್ತು ನಿಮಿಷ ಸ್ವಾಗತ ಮತ್ತು ನಿಯಮ. ಯಾರಿಗಾದರೂ ಕಷ್ಟ ಎನಿಸಿದರೆ ಹೊರಗೆ ಬರಬಹುದು, ಕಾರಣ ಕೇಳುವುದಿಲ್ಲ ಎಂದು ಹೇಳಿ. ಆಮೇಲೆ ಹದಿನೈದು ನಿಮಿಷ ಒಂದು ವಸ್ತು. ನಲವತ್ತು ನಿಮಿಷ ಗ್ಯಾಲರಿ. ಹದಿನೈದು ನಿಮಿಷ ಚಟುವಟಿಕೆ. ಕೊನೆಯ ಹತ್ತು ನಿಮಿಷ ಮಾತು. ಇದಕ್ಕೆ ಡಿಬ್ರೀಫ್ ಎನ್ನುತ್ತಾರೆ. ಅಂದರೆ ನೋಡಿದ್ದನ್ನು ಮನಸ್ಸಿನಲ್ಲಿ ಇಳಿಸಿಕೊಂಡು ಹೊರಗೆ ಹೋಗಲು ಕೊಡುವ ಸಮಯ. ಬಸ್ಸಿಗೆ ತಡ ಆಯಿತು ಎಂದು ಮೊದಲು ಕತ್ತರಿಸುವುದು ಇದನ್ನೇ. ಕತ್ತರಿಸಲೇಬೇಕಾದರೆ ಗ್ಯಾಲರಿಯಲ್ಲಿ ಕತ್ತರಿಸಿ, ಇಲ್ಲಿ ಬೇಡ.

ಗ್ಯಾಲರಿಯಲ್ಲಿ ಮೂರು ಕಡೆ ಮಾತ್ರ ನಿಲ್ಲಿ. ಎಲ್ಲ ತೋರಿಸಬೇಕು ಎನ್ನುವ ಆಸೆ ಹೊಸಬರಿಗೆಲ್ಲ ಇರುತ್ತದೆ. ಮೂವತ್ತು ಫಲಕ ದಾಟಿದ ಮಗುವಿಗೆ ಒಂದೂ ನೆನಪಿರುವುದಿಲ್ಲ.

6. ನೋವಿನ ಕೋಣೆಯಲ್ಲಿ ನಡೆದುಕೊಳ್ಳುವ ರೀತಿ

ಈ ಹಂತವೇ ಮಾನವ ಹಕ್ಕುಗಳ ಮ್ಯೂಸಿಯಂ ಗೈಡ್‌ನನ್ನು ಬೇರೆ ಗೈಡ್‌ಗಳಿಂದ ಬೇರೆ ಮಾಡುತ್ತದೆ.

ಒಳಗೆ ಹೋಗುವ ಮೊದಲೇ ಅಲ್ಲಿ ಏನಿದೆ ಎಂದು ಹೇಳಿ. "ಮುಂದಿನ ಕೋಣೆಯಲ್ಲಿ ಗುಲಾಮರನ್ನು ಕಟ್ಟಿದ ಸರಪಳಿಯ ಚಿತ್ರ ಇದೆ. ನೋಡೋಕೆ ಕಷ್ಟ ಆಗಬಹುದು" — ಇಷ್ಟು ಸಾಕು. ಹೆದರಿಸುವ ದನಿ ಬೇಡ. ಹೆಣಗಳ ಫೋಟೋ, ಗಾಯದ ಫೋಟೋ ಮುಂದೆ ಮಕ್ಕಳನ್ನು ನಿಲ್ಲಿಸಿ ಮಾತು ಬೆಳೆಸಬೇಡಿ. ನೋಡಿದ ತಕ್ಷಣ ಅತ್ತರೆ ಪಾಠ ಆಯಿತು ಎಂದು ಕೆಲವರು ಅಂದುಕೊಳ್ಳುತ್ತಾರೆ. ಅತ್ತ ಮಗು ಮನೆಗೆ ಹೋಗಿ ಆ ಕೋಣೆಯನ್ನು ಮರೆಯಲು ನೋಡುತ್ತದೆ. ಅದರಿಂದ ಯಾರಿಗೂ ಉಪಯೋಗ ಇಲ್ಲ.

ಈಗ ನಮ್ಮ ಜಿಲ್ಲೆಯ ಉದಾಹರಣೆ ತೆಗೆದುಕೊಳ್ಳಿ. ಗುಲಾಮಗಿರಿಯ ಪಾಠ ನಡೆಯುತ್ತಿದೆ. ತಂಡ ಯಲ್ಲಾಪುರದ್ದೋ ಹಳಿಯಾಳದ್ದೋ. ಸಿದ್ದಿ ಸಮುದಾಯದ ಹುಡುಗ ಹಿಂದೆ ನಿಂತಿದ್ದಾನೆ. ಮಾಸ್ತರರು ಒಳ್ಳೆಯ ಮನಸ್ಸಿನಿಂದಲೇ ಅವನ ಭುಜ ಹಿಡಿದು ಮುಂದೆ ತರುತ್ತಾರೆ. "ಇವರ ಹಿರಿಯರು ಆಫ್ರಿಕಾದಿಂದ ಬಂದವರು. ಹೇಳೋ ನೀನು." ಆ ಕ್ಷಣ ಹುಡುಗ ಗೋಡೆಯ ಮೇಲಿನ ವಸ್ತುವಾಗಿಬಿಡುತ್ತಾನೆ. ನೀವು ತಡ ಮಾಡದೆ ನಗುತ್ತಲೇ ಹೇಳಬೇಕು: "ಸರ್, ಇವತ್ತು ಹೇಳೋ ಕೆಲಸ ನಂದು. ಮಕ್ಕಳೆಲ್ಲ ನೋಡಲಿ." ಹುಡುಗನ ಕಡೆ ತಿರುಗಿ ನೋಡಲೂ ಬೇಡ. ತಂಡವನ್ನು ಮುಂದಿನ ಚಿತ್ರಕ್ಕೆ ಕರೆದುಕೊಂಡು ಹೋಗಿ. ಅವನಿಗೆ ಮಾತಾಡಬೇಕು ಎನಿಸಿದರೆ ತಾನೇ ಬರುತ್ತಾನೆ.

ಕಥೆಯನ್ನು ಎಲ್ಲಿಗೆ ನಿಲ್ಲಿಸುತ್ತೀರಿ ಎಂಬುದೂ ಮುಖ್ಯ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದವರು, ತಪ್ಪಿಸಿಕೊಂಡು ಕಾಡು ಸೇರಿದವರು ಎಂದು ಹೇಳಿ ಮುಗಿಸಿದರೆ ಆ ಹುಡುಗನಿಗೆ ಉಳಿಯುವುದು ಸರಪಳಿ ಮಾತ್ರ. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದದ್ದು ಕೂಡ ಅದೇ ಕಥೆಯ ಭಾಗ. ಹಾಲಕ್ಕಿಗಳ ಬಗ್ಗೆ ಮಾತು ಬಂದರೆ ಬಡತನ ಹೇಳಿ ನಿಲ್ಲಬೇಡಿ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಸಾರಾಯಿ ವಿರುದ್ಧ ನಿಂತದ್ದು, ಸಾವಿರಾರು ಹಾಡುಗಳನ್ನು ಬಾಯಲ್ಲಿ ಉಳಿಸಿಕೊಂಡದ್ದು ಹೇಳಿ. ಪ್ರತಿ ನೋವಿನ ಕಥೆಗೂ ಎದುರು ನಿಂತವರು ಯಾರು ಎಂದು ನೀವು ಮೊದಲೇ ಹುಡುಕಿ ಇಟ್ಟುಕೊಂಡಿರಬೇಕು.

ಆಟ ಮತ್ತು ನಟನೆಯ ಬಗ್ಗೆ ಖಡಾಖಂಡಿತ ಮಾತು. ಜೊಹಾನ್ಸ್‌ಬರ್ಗ್‌ನ ಮ್ಯೂಸಿಯಂನಲ್ಲಿ ಟಿಕೆಟ್ ಮೇಲೆ ಬಿಳಿಯರು, ಬಿಳಿಯರಲ್ಲದವರು ಎಂದು ಮನಬಂದಂತೆ ಬರೆದಿರುತ್ತದೆ. ಅದರ ಪ್ರಕಾರ ಬೇರೆ ಬೇರೆ ಬಾಗಿಲು. ಆ ಅನುಭವವನ್ನು ಆ ಮ್ಯೂಸಿಯಂ ಬಹಳ ಯೋಚಿಸಿ ಕಟ್ಟಿದೆ. ಅದನ್ನು ಕೇಳಿ ನೀವು ಮಕ್ಕಳನ್ನು ಮೇಲು ಕೀಳು ಎಂದು ಎರಡು ಸಾಲು ಮಾಡಿ ಆಡಿಸಲು ಹೋಗಬೇಡಿ. ಜಾತಿಯ ವಿಷಯದಲ್ಲಂತೂ ಬೇಡವೇ ಬೇಡ. ಊರಲ್ಲಿ ಅದನ್ನು ನಿಜವಾಗಿ ಅನುಭವಿಸಿದ ಮಗು ಆ ಸಾಲಿನಲ್ಲಿ ಇರುತ್ತದೆ. ಆಟ ಮುಗಿದರೂ ಅದಕ್ಕೆ ಮುಗಿಯುವುದಿಲ್ಲ.

ಒಳ್ಳೆಯ ಚಟುವಟಿಕೆ ಬೇಕಾ? ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂನಿಂದ ಕಲಿಯಿರಿ. ಆ ಬಡಾವಣೆಯನ್ನು 1966ರಲ್ಲಿ ಬಿಳಿಯರಿಗೆ ಮಾತ್ರ ಎಂದು ಘೋಷಿಸಿ, ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿದರು. 1994ರಲ್ಲಿ ತೆರೆದ ಮ್ಯೂಸಿಯಂನ ನೆಲದ ಮೇಲೆ ದೊಡ್ಡ ನಕ್ಷೆ ಇದೆ. ಹಳೆಯ ನಿವಾಸಿಗಳು ಬಂದು ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದರು.

ನಮ್ಮಲ್ಲಿ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟವರು, ಸೂಪಾ ಅಣೆಕಟ್ಟಿಗೆ ಊರನ್ನೇ ಬಿಟ್ಟು ರಾಮನಗರಕ್ಕೆ ಹೋದವರು, ಕೈಗಾ ಅಣುಸ್ಥಾವರಕ್ಕಾಗಿ ಊರಿನಿಂದ ಎದ್ದವರು ಎಷ್ಟು ಜನ! ಅವರ ಮೊಮ್ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಆ ಮಕ್ಕಳನ್ನು ಬೇರೆ ಮಾಡಿ ಕೇಳಬೇಡಿ. ಎಲ್ಲರಿಗೂ ಒಂದೇ ಹಾಳೆ ಕೊಡಿ, ಒಂದೇ ಕೆಲಸ ಹೇಳಿ: "ನಿಮ್ಮ ಅಜ್ಜಿ ಹುಟ್ಟಿದ ಊರಿನ ನಕ್ಷೆ ಬರೀರಿ. ಬಾವಿ, ಗುಡಿ, ಶಾಲೆ, ದೋಣಿ ಕಟ್ಟೋ ಜಾಗ, ಗೊತ್ತಿರೋದೆಲ್ಲ." ಕೆಲವರು ಹಾಳೆ ತುಂಬ ಬರೆಯುತ್ತಾರೆ. ಕೆಲವರಿಗೆ ಅರ್ಧಕ್ಕೆ ನಿಲ್ಲುತ್ತದೆ. ಅರ್ಧಕ್ಕೆ ನಿಂತವರಿಗೆ "ಮನೆಗೆ ಹೋಗಿ ಕೇಳಿ ಬರೀರಿ" ಎಂದು ಹಾಳೆ ಕೊಟ್ಟು ಕಳಿಸಿ. ಜಾಗ ಬಿಟ್ಟ ಮನೆಯ ಮಗುವಿನ ನಕ್ಷೆಯೂ ಉಳಿದ ನಕ್ಷೆಗಳ ಜೊತೆಯಲ್ಲೇ ಗೋಡೆಗೆ ಬರುತ್ತದೆ.

7. ಕಷ್ಟದ ಪ್ರಶ್ನೆಗಳಿಗೆ ತಯಾರಾಗಿ

"ಈಗ ಜಾತಿ ಎಲ್ಲಿದೆ?" ಈ ಪ್ರಶ್ನೆ ಬಂದೇ ಬರುತ್ತದೆ. ವಾದ ಬೇಡ. ಸಂವಿಧಾನದ 17ನೇ ವಿಧಿ ಬಂದ ಮೇಲೂ 1989ರಲ್ಲಿ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಏಕೆ ಬೇಕಾಯಿತು ಎಂದು ತಿರುಗಿ ಕೇಳಿ. ಅವರು ಯೋಚಿಸಲಿ.

"ಮೀಸಲಾತಿ ಯಾಕೆ?" ಅಂದರೆ 15ನೇ ವಿಧಿ ಭೇದ ಮಾಡಬಾರದು ಎನ್ನುತ್ತದೆ, ಅದರದೇ 4ನೇ ಉಪವಿಧಿ ಹಿಂದುಳಿದವರಿಗೆ ವಿಶೇಷ ಸೌಲಭ್ಯಕ್ಕೆ ಅವಕಾಶ ಕೊಡುತ್ತದೆ, ಅದು 1951ರ ಮೊದಲ ತಿದ್ದುಪಡಿಯಲ್ಲಿ ಸೇರಿತು ಎಂದು ಹೇಳಿ. ಓಡುವ ಸ್ಪರ್ಧೆಯಲ್ಲಿ ಕೆಲವರನ್ನು ಬಹಳ ಹಿಂದೆ ನಿಲ್ಲಿಸಿದ್ದರೆ ಏನು ಮಾಡುತ್ತೀರಿ ಎಂದು ಕೇಳಬಹುದು. ನಿಮ್ಮ ಸ್ವಂತ ಭಾಷಣ ಬೇಡ.

"ಸೀಬರ್ಡ್ ಬೇಡವಾಗಿತ್ತಾ?" ಕಾರವಾರದಲ್ಲಿ ಇದು ಬಹಳ ಸೂಕ್ಷ್ಮ. ಕೇಳಿದ ಮಗುವಿನ ಅಜ್ಜ ಜಾಗ ಬಿಟ್ಟವರಿರಬಹುದು, ಪಕ್ಕದವಳ ಅಪ್ಪ ನೌಕಾಪಡೆಯಲ್ಲಿರಬಹುದು. ಎರಡೂ ನಿಜವನ್ನು ಒಟ್ಟಿಗೆ ಇಡಿ. ದೇಶಕ್ಕೆ ರಕ್ಷಣೆ ಬೇಕು. ಜಾಗ ಬಿಟ್ಟವರಿಗೆ ಸರಿಯಾದ ಪರಿಹಾರ ಸಿಗಬೇಕು, ಅವರ ಮಾತನ್ನು ಕೇಳಬೇಕು. ಪರಿಹಾರಕ್ಕಾಗಿ ಇಲ್ಲಿನ ಕುಟುಂಬಗಳು ದಶಕಗಳ ಕಾಲ ಕೋರ್ಟು ಅಲೆದದ್ದು ಇತಿಹಾಸ. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಹೊಸ ಕಾಯ್ದೆ ಜಾರಿಗೆ ಬಂದದ್ದು 2014ರ ಜನವರಿ 1ರಂದು. ಈ ಎರಡು ಕಾನೂನಿನ ನಡುವೆ ಏನು ಬದಲಾಯಿತು ಎಂಬುದು ಪಿಯುಸಿ ಮಕ್ಕಳಿಗೆ ಒಳ್ಳೆಯ ಚರ್ಚೆ.

ಒಂದು ನಿಯಮ ಇಟ್ಟುಕೊಳ್ಳಿ. ಪಕ್ಷ, ಚುನಾವಣೆ, ನಾಯಕರ ವಿಷಯದಲ್ಲಿ ನೀವು ಯಾರ ಪರವೂ ಮಾತಾಡುವಂತಿಲ್ಲ. ಮನುಷ್ಯನ ಘನತೆಯ ವಿಷಯದಲ್ಲಿ ಮಾತ್ರ ತಟಸ್ಥವಾಗಿರುವಂತಿಲ್ಲ. ಗುಲಾಮಗಿರಿಗೂ ಒಂದು ಒಳ್ಳೆಯ ಮುಖ ಇತ್ತು ಎಂದು ಯಾರಾದರೂ ಹೇಳಿದರೆ, ಶಾಂತವಾಗಿ, ಸ್ಪಷ್ಟವಾಗಿ ಇಲ್ಲ ಎನ್ನಬೇಕು.

ಮಕ್ಕಳು ನೋವಿನ ಚಿತ್ರದ ಮುಂದೆ ನಕ್ಕರೆ ಬೈಯಬೇಡಿ. ಹೆಚ್ಚಿನ ಸಲ ಅದು ಮುಜುಗರದ ನಗು. ಹತ್ತಿರ ಹೋಗಿ ನಿಲ್ಲಿ, ದನಿ ತಗ್ಗಿಸಿ, ಕೈಗೆ ಒಂದು ಕೆಲಸ ಕೊಡಿ.

8. ಮಗು ತನ್ನ ಕಥೆ ಹೇಳಿದರೆ

ಹಕ್ಕುಗಳ ಮಾತು ಕೇಳಿದ ಮೇಲೆ ಯಾವುದೋ ಮಗು ಕೊನೆಗೆ ಉಳಿದುಕೊಂಡು, ತನಗೆ ಆಗುತ್ತಿರುವ ಹಿಂಸೆಯ ಬಗ್ಗೆ ನಿಮ್ಮ ಹತ್ತಿರ ಹೇಳಬಹುದು. ಇದನ್ನು ಮೊದಲೇ ಓದಿ ಇಟ್ಟುಕೊಳ್ಳಿ.

ಕೂತು ಕೇಳಿ. ನಾಲ್ಕು ಜನರ ಕಣ್ಣಿಗೆ ಕಾಣುವ, ಆದರೆ ಮಾತು ಕೇಳಿಸದ ಜಾಗ ಇರಲಿ. ಕೆದಕಿ ಕೆದಕಿ ಪ್ರಶ್ನೆ ಬೇಡ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಆ ಮಾತು ಉಳಿಸಿಕೊಳ್ಳಲು ನಿಮಗೆ ಆಗುವುದಿಲ್ಲ. "ನೀನು ಹೇಳಿದ್ದು ಒಳ್ಳೆಯದಾಯ್ತು. ಸಹಾಯ ಮಾಡೋರಿಗೆ ನಾನು ತಿಳಿಸಬೇಕಾಗ್ತದೆ" ಎನ್ನಿ. ಮಗು ಆಡಿದ ಪದಗಳನ್ನೇ ತಕ್ಷಣ ಬರೆದಿಡಿ. ಮ್ಯೂಸಿಯಂನಲ್ಲಿ ಮಕ್ಕಳ ಸುರಕ್ಷತೆಯ ಜವಾಬ್ದಾರಿ ಇರುವವರಿಗೆ ಅದೇ ದಿನ ತಿಳಿಸಿ. ಮಕ್ಕಳ ಸಹಾಯವಾಣಿ 1098. ಉಚಿತ, ಹಗಲು ರಾತ್ರಿ ಇರುತ್ತದೆ. ಲೈಂಗಿಕ ದೌರ್ಜನ್ಯದ ಸಂಗತಿಯಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಅದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ.

ಫೋಟೋ ಬೇಡ. ಆ ಮಗುವಿನ ವಿಷಯ ಸಹೋದ್ಯೋಗಿಗಳ ಚಹಾದ ಹೊತ್ತಿನ ಮಾತಿಗೂ ಬರಬಾರದು.

9. ಅರ್ಜಿ ಮತ್ತು ಸಂದರ್ಶನ

ಬಯೋಡೇಟಾ ಎರಡು ಪುಟ ಮೀರದಿರಲಿ. ಅದರ ಜೊತೆ ನೀವೇ ಬರೆದ ಒಂದು ತೊಂಬತ್ತು ನಿಮಿಷದ ಕಾರ್ಯಕ್ರಮದ ಯೋಜನೆ ಲಗತ್ತಿಸಿ. ಮೇಲಿನ ಉಪ್ಪಿನ ಪಾಠವನ್ನು ನಿಮ್ಮ ರೀತಿಯಲ್ಲಿ ಕಟ್ಟಿದರೂ ಆಗುತ್ತದೆ. ಸಂದರ್ಶನದಲ್ಲಿ ಹತ್ತು ನಿಮಿಷ ಮಾಡಿ ತೋರಿಸಿ ಎನ್ನುವುದುಂಟು. ಆ ಹತ್ತು ನಿಮಿಷದಲ್ಲಿ ಎಷ್ಟು ಹೊತ್ತು ನೀವು ಮಾತಾಡಿದಿರಿ, ಎಷ್ಟು ಹೊತ್ತು ಎದುರಿನವರು ಮಾತಾಡಿದರು ಎಂದು ಅವರು ನೋಡುತ್ತಾರೆ.

ನೀವೂ ಕೇಳಬೇಕಾದದ್ದು ಇದೆ. ತಿಂಗಳ ಸಂಬಳವೋ, ಕಾರ್ಯಕ್ರಮಕ್ಕಿಷ್ಟು ಎಂದೋ? ತಂಡ ಬರದ ತಿಂಗಳಲ್ಲಿ ಏನು? ತರಬೇತಿಯ ದಿನಗಳಿಗೆ ಹಣ ಇದೆಯಾ? ಮಕ್ಕಳ ಸುರಕ್ಷತಾ ನೀತಿಯ ಪ್ರತಿ ಕೊಡುತ್ತೀರಾ? ನಾಚಿಕೆ ಬೇಡ. ಹಕ್ಕುಗಳ ಬಗ್ಗೆ ಪಾಠ ಮಾಡುವ ಜಾಗದಲ್ಲಿ ಕೆಲಸಗಾರರ ಹಕ್ಕು ಕೇಳುವುದು ತಪ್ಪಲ್ಲ. ಮಕ್ಕಳ ಜೊತೆ ಕೆಲಸ ಆದ್ದರಿಂದ ಪೊಲೀಸ್ ವೆರಿಫಿಕೇಶನ್ ಕೇಳಬಹುದು. ಕಾಗದ ಮೊದಲೇ ತಯಾರಿರಲಿ.

ಹೊರದೇಶದ ಮ್ಯೂಸಿಯಂಗೆ ಹೋಗುವ ಆಸೆ ಇರುವವರು ಆ ದೇಶದ ಕೆಲಸದ ಪರವಾನಗಿಯ ನಿಯಮ ಮೊದಲು ನೋಡಿ. ಮಧ್ಯವರ್ತಿಗೆ ದುಡ್ಡು ಕೊಡಬೇಡಿ.

10. ನಿಮ್ಮ ಮನಸ್ಸನ್ನೂ ನೋಡಿಕೊಳ್ಳಿ

ದಿನಕ್ಕೆ ಎರಡು ಸಲ ಅದೇ ನೋವಿನ ಕಥೆ ಹೇಳುವುದು ಸುಲಭವಲ್ಲ. ಒಂದೋ ಅದು ನಿಮ್ಮನ್ನು ಕುಗ್ಗಿಸುತ್ತದೆ, ಇಲ್ಲವೇ ಗಿಳಿಪಾಠ ಆಗುತ್ತದೆ. ಎರಡೂ ಕೆಟ್ಟದ್ದು. ದಿನಕ್ಕೆ ಎರಡಕ್ಕಿಂತ ಜಾಸ್ತಿ ತಂಡ ಒಪ್ಪಿಕೊಳ್ಳಬೇಡಿ. ಆಗಾಗ ನಿಲ್ಲುವ ಜಾಗ ಬದಲಿಸಿ. ಕಷ್ಟ ಎನಿಸಿದ ದಿನ ಜೊತೆಯ ಗೈಡ್‌ಗೆ ಹೇಳಿ, ಆ ಕೋಣೆ ಅವರು ನೋಡಿಕೊಳ್ಳಲಿ.

ಮೊದಲ ಅಭ್ಯಾಸ ಎಲ್ಲಿ ಎಂದು ಕೇಳುತ್ತೀರಾ? ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಆದರೆ ಅದೇ ಹೊತ್ತಿಗೆ ಶಾಲೆಗಳಲ್ಲಿ ಪ್ರವಾಸ, ವಾರ್ಷಿಕೋತ್ಸವದ ಗಡಿಬಿಡಿ ಇರುತ್ತದೆ. ಹಾಗಾಗಿ ಮಳೆಗಾಲದಲ್ಲೇ ಹತ್ತಿರದ ಹೈಸ್ಕೂಲಿನ ಮುಖ್ಯಾಧ್ಯಾಪಕರನ್ನು ಕಂಡು ಆ ದಿನಕ್ಕೆ ಒಂದು ಪೀರಿಯಡ್ ಕೇಳಿಟ್ಟುಕೊಳ್ಳಿ. ದೊಡ್ಡ ಕಾರ್ಯಕ್ರಮ ಮಾಡಬೇಕಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ ಕೊಡಿ. ಕಾರವಾರ ಮತ್ತು ಶಿರಸಿ ಬೇರೆ ಬೇರೆ ಶೈಕ್ಷಣಿಕ ಜಿಲ್ಲೆಗಳು. ನಿಮ್ಮ ತಾಲೂಕು ಯಾವುದಕ್ಕೆ ಸೇರುತ್ತದೆ ಎಂದು ನೋಡಿಕೊಂಡೇ ಪತ್ರ ಬರೆಯಿರಿ. ಹೋಗುವಾಗ ಒಂದು ಹಿಡಿ ಉಪ್ಪು, ಬಿಳಿ ಹಾಳೆಗಳು, ಘೋಷಣೆಯ ಕನ್ನಡ ಪ್ರತಿ ಸಾಕು. ಕ್ಲಾಸಿನ ಅಕ್ಕೋರಿಗೆ ಹಿಂದಿನ ಬೆಂಚಿನಲ್ಲಿ ಕೂತು ನೋಡಲು ಹೇಳಿ. ಯಾವ ಮಗು ಮಾತಾಡಲಿಲ್ಲ, ಯಾವ ಮಾತಿಗೆ ಯಾರ ಮುಖ ಬಾಡಿತು ಎಂದು ಅವರು ನಿಮಗಿಂತ ಚೆನ್ನಾಗಿ ಹೇಳುತ್ತಾರೆ. ಅದನ್ನು ಬರೆದುಕೊಂಡು ಯೋಜನೆ ತಿದ್ದಿ, ಅರ್ಜಿಯ ಜೊತೆ ತಿದ್ದಿದ ಪ್ರತಿಯನ್ನೇ ಕಳಿಸಿ.